ಎಕ್ಸ್‌ರೇ ಕೋರ್ಸಿಗೆ ಫೀ ತುಂಬುವ ಮುನ್ನ

ಪಿಯುಸಿ ರಿಸಲ್ಟ್ ಬಂದ ಮೇಲೆ ಹುಬ್ಬಳ್ಳಿಯಿಂದ ಧಾರವಾಡದ ತನಕ ಗೋಡೆ, ಕಂಬ, ಆಟೋದ ಬೆನ್ನು ಎಲ್ಲ ಕಡೆ ‘ಪ್ಯಾರಾಮೆಡಿಕಲ್’ ಅನ್ನೋ ಒಂದೇ ಜಪ. ಅದರ ನಡುವೆ ‘ರೇಡಿಯಾಲಜಿ ಅಸಿಸ್ಟೆಂಟ್, 6 ತಿಂಗಳು, ನೌಕರಿ ಗ್ಯಾರಂಟಿ’ ಅನ್ನುವಂಥ ಚೀಟಿಗಳೂ ಇರುತ್ತವೆ. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯಿಂದ ನಮಗೆ ಫೋನ್ ಬರುವುದೂ ಆಗಲೇ. “ಸರ, ಆರ ತಿಂಗಳದ್ದ ಐತಂತ್ರೀ, ಹುಡುಗೀನ್ನ ಹಚ್ಚೂಣೋ ಬ್ಯಾಡೋ?”

ನಮ್ಮ ಉತ್ತರ: ಆರು ತಿಂಗಳದ್ದಕ್ಕೆ ಹಚ್ಚಬೇಡಿ. ಎಕ್ಸ್‌ರೇ ಕೆಲಸ ಬೇಡ ಅಂತಲ್ಲ. ಒಳ್ಳೇ ಕೆಲಸ ಅದು, ಹಳ್ಳಿ ಹುಡುಗಿಯರಿಗೂ ಚೆನ್ನಾಗಿ ಒಗ್ಗುತ್ತದೆ. ಆದರೆ ಅದಕ್ಕೊಂದು ಸರಿಯಾದ ದಾರಿ ಇದೆ, ಆ ದಾರಿ ಚೀಟಿಯಲ್ಲಿ ಇರುವುದಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಇರುವುದು ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ. ಹೆಸರು ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ಪಿಯುಸಿ ಸೈನ್ಸ್ ಆದವರಿಗೆ 2 ವರ್ಷ, ಎಸ್ಸೆಸ್ಸೆಲ್ಸಿ ಮೇಲೆ ಸೇರುವವರಿಗೆ 3 ವರ್ಷ ಅಂತ ನಡೆದುಬಂದಿದೆ. ಇನ್ನೂ ಓದುವ ಶಕ್ತಿ ಇದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಇದೆ. ಇದರ ಮೇಲೆ 2021ರಲ್ಲಿ ಕೇಂದ್ರ ಸರ್ಕಾರ ಈ ವೃತ್ತಿಗಳಿಗೆಂದೇ ಒಂದು ಕಾಯ್ದೆ ತಂದಿದೆ. ಅದರ ಪ್ರಕಾರ ಕನಿಷ್ಠ 2 ವರ್ಷದಲ್ಲಿ 2,000 ತಾಸಿಗೆ ಕಡಿಮೆಯಿಲ್ಲದ ಓದು-ತರಬೇತಿ ಬೇಕು. ಆರು ತಿಂಗಳದ ಸರ್ಟಿಫಿಕೇಟು ಈ ಲೆಕ್ಕಕ್ಕೆ ಯಾವ ಕಡೆಯಿಂದಲೂ ಸಿಗುವುದಿಲ್ಲ.

ಚೀಟಿಯವರು ‘ಅಮೆರಿಕದಾಗ ಡಿಮ್ಯಾಂಡ್ ಐತಿ’ ಅಂತಲೂ ಹೇಳುತ್ತಾರೆ. ಅಮೆರಿಕದಲ್ಲಿ ರೇಡಿಯಾಲಜಿಸ್ಟ್ ಅಸಿಸ್ಟೆಂಟ್ ಅಂದರೆ ಮೊದಲು ಎಕ್ಸ್‌ರೇ ತಂತ್ರಜ್ಞರಾಗಿ ದುಡಿದು, ಆಮೇಲೆ ಇನ್ನೂ ಓದಿದವರು. ಬರೀ ಎಕ್ಸ್‌ರೇ ತಂತ್ರಜ್ಞರ ನೋಂದಣಿ ಪರೀಕ್ಷೆಗೆ ಕೂರಲಿಕ್ಕೂ ಅಲ್ಲಿ 2015ರಿಂದ ಅಸೋಸಿಯೇಟ್ ಡಿಗ್ರಿಯಾದರೂ ಬೇಕು, ಅಂದರೆ ಸುಮಾರು ಎರಡು ವರ್ಷದ ಕಾಲೇಜು. ನಮ್ಮ ಡಿಪ್ಲೊಮಾಕ್ಕೂ ಅಷ್ಟೇ ಕಾಲ. ಹೆಸರು ಅಲ್ಲಿಂದ ತಂದವರು ಓದನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದಾರೆ.

‘ಬಟನ್ ಒತ್ತೂದಕ್ಕ ಎರಡ ವರ್ಷ ಯಾಕ?’ ಅಂತ ಕೇಳುವವರಿದ್ದಾರೆ. ಬಟನ್ ಒತ್ತುವುದು ಕೊನೆಯ ಕೆಲಸ. ಮುರಿದ ಮಣಿಕಟ್ಟನ್ನು ಒಂದೇ ಬದಿಯಿಂದ ತೆಗೆದರೆ ಬಿರುಕು ಕಾಣದೇ ಹೋಗಬಹುದು, ಇನ್ನೊಂದು ಬದಿಯಿಂದಲೂ ತೆಗೆಯಬೇಕು. ಎದೆಯ ಎಕ್ಸ್‌ರೇಗೆ ರೋಗಿ ಉಸಿರು ಪೂರ್ತಿ ಎಳೆದುಕೊಂಡು ಹಿಡಿಯಬೇಕು. ದಪ್ಪ ಮನುಷ್ಯನಿಗೆ ಇಡುವ ಕರೆಂಟು ಎಳೆ ಕೂಸಿಗೆ ಇಡುವಂತಿಲ್ಲ. ಹೆಣ್ಣುಮಗಳು ಬಂದರೆ ಬಸಿರಿದ್ದೀರಾ ಅಂತ ಮೊದಲು ಕೇಳಬೇಕು. ಒಂದು ಸಲ ತಪ್ಪಿದರೆ ಇನ್ನೊಂದು ಸಲ ತೆಗೆಯಬೇಕಾಗುತ್ತದೆ, ರೋಗಿಯ ಮೈಮೇಲೆ ಇನ್ನೊಂದು ಸಲ ಕಿರಣ ಬೀಳುತ್ತದೆ. ಇದನ್ನು ಕೈಗೆ ರೂಢಿ ಮಾಡಿಸಲಿಕ್ಕೆ ಆಸ್ಪತ್ರೆ ಬೇಕು, ದಿನಾ ಬರುವ ರೋಗಿಗಳು ಬೇಕು. ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ಅದು ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿಗೆ ನಮ್ಮನ್ನು ಕಾಡುವುದು ಬ್ಯಾಜಿನ ಮಾತು. ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ, ಟಿಎಲ್‌ಡಿ ಅನ್ನೋ ಚಿಕ್ಕ ಬ್ಯಾಜ್ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ, ಆ ಮನುಷ್ಯನ ಮೈಗೆ ಎಷ್ಟು ವಿಕಿರಣ ತಗುಲಿತು ಅಂತ ಅಳೆಯುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದಕ್ಕೊಂದು ಮಿತಿ ಹಾಕಿದೆ: ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬ್ಯಾಜ್ ಬರುವುದು ಅವರವರ ಹೆಸರಿನ ಮೇಲೆ. ಎಕ್ಸ್‌ರೇ ಯಂತ್ರ ನಡೆಸುವವರಿಗೆ ತಕ್ಕ ಅರ್ಹತೆ ಇರಬೇಕು ಅನ್ನುವುದೂ ಇದೇ ಮಂಡಳಿಯ ನಿಯಮ.

ಈಗ ವಿಚಾರ ಮಾಡಿ. ನಾವು ಮಾತಾಡಿಸಿದ ಒಬ್ಬ ಹುಡುಗಿ ಇಂಥದೇ ಸಣ್ಣ ಕೋರ್ಸು ಮುಗಿಸಿ ಒಂದು ಖಾಸಗಿ ಕೇಂದ್ರದಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಮನೆಯವರು ಕಡಲಿ ಮಾರಿದ ರೊಕ್ಕದಾಗ ಫೀ ತುಂಬಿದ್ದರು. ಅಲ್ಲಿಯ ರಿಜಿಸ್ಟರಿನಲ್ಲಿ ಅವಳು ‘ಹೆಲ್ಪರ್’. ಬ್ಯಾಜ್ ಇಲ್ಲ. ಅವಳ ಮೈಗೆ ಎಷ್ಟು ತಗುಲಿತು ಅಂತ ಎಣಿಸುವವರು ಯಾರೂ ಇಲ್ಲ. ನಾಳೆ ಸರ್ಕಾರಿ ಹುದ್ದೆ ಕರೆದರೆ ಅವಳ ಸರ್ಟಿಫಿಕೇಟಿಗೆ ಬೆಲೆ ಇಲ್ಲ, ದುಡಿದ ವರ್ಷಗಳಿಗೆ ದಾಖಲೆಯೂ ಇಲ್ಲ.

ಹಾಗಂತ ಪಾಲಕರನ್ನೇ ಬೈಯುವುದು ನಮಗೆ ಸೇರುವುದಿಲ್ಲ. ಎರಡು ವರ್ಷ ಹಾಸ್ಟೆಲ್ಲು, ಬಸ್ಸು, ಊಟ ಅಂದರೆ ಒಣಬೇಸಾಯದ ಮನೆಗೆ ಭಾರ. ಆರು ತಿಂಗಳು ಅಂದಾಗ ಜೀವ ಹಗುರಾಗುತ್ತದೆ, ಸಹಜ. ಈ ಸಂತೆ ನಡೆಯುತ್ತಿರುವುದು ಕಡಿಮೆ ಪಗಾರಕ್ಕೆ ಇಂಥ ಮಕ್ಕಳನ್ನು ತೆಗೆದುಕೊಳ್ಳುವವರು ಇರುವುದರಿಂದ. ಕೊಳ್ಳುವವರಿಲ್ಲದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು.

ಅದಕ್ಕೇ ಫೀ ತುಂಬುವ ಮುನ್ನ ಇಷ್ಟು ಕೇಳಿ. ಈ ಕಾಲೇಜಿಗೆ, ಇದೇ ಕೋರ್ಸಿಗೆ, ಈ ವರ್ಷಕ್ಕೆ ಬೋರ್ಡಿನ ಮಾನ್ಯತೆ ಇದೆಯೇ? ಪತ್ರ ತೋರಿಸಲಿ. ‘ಅಪ್ಲೈ ಮಾಡೇವಿ’ ಅಂದರೆ ಎದ್ದು ಬನ್ನಿ. ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕಲಿಯುತ್ತಾರೆ? ಆ ಆಸ್ಪತ್ರೆಗೆ ಒಮ್ಮೆ ಹೋಗಿ, ಎಕ್ಸ್‌ರೇ ಕೋಣೆಯ ಮುಂದೆ ಅರ್ಧ ತಾಸು ಕೂತು ನೋಡಿ. ‘ಸ್ಕ್ಯಾನಿಂಗೂ ಕಲಿಸ್ತೇವಿ, ಸ್ವಂತ ಸೆಂಟರ್ ಹಾಕಬಹುದು’ ಅಂದರೆ ಅದು ಸುಳ್ಳು. 1994ರ ಲಿಂಗಪತ್ತೆ ತಡೆ ಕಾಯ್ದೆ ಪ್ರಕಾರ ಬಸುರಿಯರ ಸ್ಕ್ಯಾನಿಂಗ್ ಮಾಡುವುದು ಅರ್ಹ ವೈದ್ಯರ ಕೆಲಸ, ತಂತ್ರಜ್ಞರದಲ್ಲ. ನಿಯಮಗಳು ಬದಲಾಗುತ್ತಿರುವ ಕಾಲ ಇದು, ಹಾಗಾಗಿ ಹೋದ ವರ್ಷ ಸೇರಿದವರ ಮಾತಿಗಿಂತ ಈ ವರ್ಷದ ಬೋರ್ಡ್ ಪ್ರಕಟಣೆಯನ್ನೇ ಓದಿ. ಹುಬ್ಬಳ್ಳಿಯ ಕಿಮ್ಸ್ ಬಾಗಿಲು ಮೊದಲು ತಟ್ಟಿ. 1957ರಲ್ಲಿ ಶುರುವಾದ ಸರ್ಕಾರಿ ಕಾಲೇಜು ಅದು, ಉತ್ತರ ಕರ್ನಾಟಕದ ರೋಗಿಗಳೆಲ್ಲ ಅಲ್ಲಿಗೇ ಬರುತ್ತಾರೆ. ಕಲಿಯಲಿಕ್ಕೆ ಅದಕ್ಕಿಂತ ದೊಡ್ಡ ಜಾಗ ಈ ಕಡೆ ಇಲ್ಲ.

ಜಿಲ್ಲಾಡಳಿತಕ್ಕೂ ಒಂದು ಮಾತು. ಖಾಸಗಿ ಆಸ್ಪತ್ರೆಗಳು 2007ರ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರದಲ್ಲೇ ನೋಂದಣಿ ಆಗಬೇಕು. ತಪಾಸಣೆಗೆ ಹೋದವರು ಗೋಡೆಯ ಮೇಲಿನ ಲೈಸೆನ್ಸ್ ನೋಡಿ ಹೊರಟುಬಿಡಬಾರದು. ಎಕ್ಸ್‌ರೇ ಕೋಣೆಯ ಬಾಗಿಲು ತೆಗೆಸಿ, ಒಳಗೆ ನಿಂತ ಹುಡುಗಿಗೆ “ನಿನ್ನ ಬ್ಯಾಜ್ ಎಲ್ಲಿ ಐತವ್ವಾ?” ಅಂತ ಕೇಳಲಿ. ಇಲ್ಲ ಅಂದರೆ ನೋಟಿಸು ಮಾಲೀಕರಿಗೆ ಹೋಗಲಿ, ಅವಳ ನೌಕರಿ ಮೇಲೆ ಬೀಳದಿರಲಿ.