ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗಲ್ಲ

ಅಕ್ಕನಿಗೆ ವಾರದಲ್ಲಿ ಮೂರು ದಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಭಾವ ಕೆಲಸದ ಮೇಲೆ ಪುಣೆಯಲ್ಲಿದ್ದಾರೆ. ಹಾಗಾಗಿ ಆ ಮೂರು ರಾತ್ರಿ ಮಗನಿಗೆ ಕಥೆ ಓದಿ ಮಲಗಿಸುವ ಕೆಲಸ ನನ್ನದು. ಏಳು ವರ್ಷದ ಹುಡುಗ, ಎರಡನೇ ಕ್ಲಾಸ್. ಒತ್ತಕ್ಷರ ಬಂದರೂ ತಡವರಿಸಲ್ಲ. ಒಂದು ದಿನ ಅವನೇ ಒಂದು ಪುಟ ಪಟಪಟ ಓದಿ ಮುಗಿಸಿದ. ‘ಏನಾಯ್ತೋ ಕಥೇಲಿ?’ ಅಂದೆ. ನನ್ನ ಮುಖ ನೋಡಿದ, ಪುಸ್ತಕ ನೋಡಿದ. ‘ಇನ್ನೊಂದ್ಸಲ ಓದ್ಲಾ ಮಾಮ?’ ಅಂದ.

ನಮ್ಮ ಭಾಷೆಯಲ್ಲಿ ಇದು ಸುಲಭವಾಗಿ ಆಗಿಬಿಡುತ್ತೆ. ಕಾಗುಣಿತ, ಒತ್ತು ಬಂದರೆ ಸಾಕು, ಕನ್ನಡ ಅಕ್ಷರದಲ್ಲಿರೋ ಏನನ್ನು ಬೇಕಾದರೂ ಓದಬಹುದು. ಅರ್ಥ ಗೊತ್ತಿಲ್ಲದ ಸಂಸ್ಕೃತ ಶ್ಲೋಕವನ್ನು ನಾವೆಲ್ಲ ಓದಿಲ್ವಾ? ಪಕ್ಕದಲ್ಲಿ ಕೂತವರಿಗೆ ಮಗು ಚೆನ್ನಾಗಿ ಓದ್ತಿದೆ ಅಂತಲೇ ಅನಿಸುತ್ತೆ. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಸಂಶೋಧಕರು ಓದನ್ನು ಒಂದು ಸಮೀಕರಣವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ಅರ್ಥವಾಗುವ ಶಕ್ತಿ. ಕೂಡೋದಲ್ಲ, ಗುಣಿಸೋದು. ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆ.

ಇನ್ನೊಂದು ತೊಡಕಿದೆ. ಮನೆಯಲ್ಲಿ ನಾವು ‘ಬಂದ್ಬಿಟ್ಲು’ ಅಂತೀವಿ, ಪುಸ್ತಕ ‘ಬಂದುಬಿಟ್ಟಳು’ ಅನ್ನುತ್ತೆ. ಪುಸ್ತಕದ ಕನ್ನಡ ಮಗುವಿನ ಕಿವಿಗೆ ಅರ್ಧ ಹೊಸದು. ಅದರ ಮೇಲೆ ನಮ್ಮ ಬೆಂಗಳೂರಿನ ಮಕ್ಕಳು! ‘ಕೊಟ್ಟಿಗೆ’ ಅಂದರೆ ಹಸು ಕಟ್ಟೋ ಜಾಗ ಅಂದಿದ್ದಕ್ಕೆ ಇವನು, ‘ಹಸು ಪಾರ್ಕಿಂಗಾ?’ ಅಂದ. ಸರಿ ಅಂತ ಒಪ್ಪಿಕೊಂಡೆ.

ಇದಕ್ಕೆ ಏನು ಮಾಡಬಹುದು ಅಂತ ಹುಡುಕಿದಾಗ ಸಿಕ್ಕಿದ್ದು ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದಲ್ಲಿ ಮಾಡಿದ, 1988ರಲ್ಲಿ ಪ್ರಕಟವಾದ ಪ್ರಯೋಗ. ಎರಡು-ಮೂರು ವರ್ಷದ ಮಕ್ಕಳಿರುವ ಸುಮಾರು 30 ಕುಟುಂಬ, ಒಂದು ತಿಂಗಳು. ಅರ್ಧದಷ್ಟು ಮನೆಯವರು ಎಂದಿನಂತೆ ಓದಿದರು. ಉಳಿದವರು ನಡುವೆ ನಿಲ್ಲಿಸಿ, ಹೌದು-ಇಲ್ಲ ಅಂತ ಮುಗಿಸೋಕಾಗದ ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನು ಸ್ವಲ್ಪ ಉದ್ದ ಮಾಡಿ ತಿರುಗಿ ಹೇಳಿದರು. ತಿಂಗಳ ಕೊನೆಗೆ ಈ ಮಕ್ಕಳು ಮಾತಿನಲ್ಲಿ ಮುಂದಿದ್ದರು. ಅವರು ಅಳೆದದ್ದು ಮಾತನ್ನು, ಓದನ್ನಲ್ಲ. ಆದರೆ ಆ ಗುಣಾಕಾರದ ಎರಡನೇ ಅರ್ಧ ಇದೇ ತಾನೆ?

ಓದುತ್ತಿದ್ದಾಗ ನಮ್ಮಜ್ಜಿ ನೆನಪಾದರು. ಅವರು ಕಥೆ ಹೇಳುವಾಗ ನಾವು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ತಿತ್ತು. ‘ಎಲ್ಲಿಗೆ ಬಂದಿದ್ವಿ ಹೇಳು’ ಅಂತಿದ್ರು. ಹೇಳಿದರೇ ಮುಂದೆ.

ಮೊದಲ ವಾರ ನಾನು ಕೆಡಿಸಿದೆ. ಪುಟಕ್ಕೊಂದು ಪ್ರಶ್ನೆ: ಹಸು ಬಣ್ಣ ಏನು, ರಾಜನ ಹೆಸರೇನು, ಕಾಡಿಗೆ ಯಾರು ಹೋದರು. ಮೂರನೇ ರಾತ್ರಿ ಅವನು, ‘ಇವತ್ತು ಕಥೆ ಬೇಡ ಮಾಮ, ಯೂಟ್ಯೂಬ್ ಹಾಕು’ ಅಂದ. ಇಂಜಿನಿಯರಿಂಗಲ್ಲಿ ನನ್ನನ್ನು ಬೆವರಿಸಿದ ವೈವಾವನ್ನೇ ಹಾಸಿಗೆ ಮೇಲೆ ನಡೆಸ್ತಿದ್ದೆ.

ಈಗ ಹೊಸ ಕಥೆಯನ್ನು ಮೊದಲ ರಾತ್ರಿ ನಿಲ್ಲಿಸದೆ ಓದ್ತೀನಿ. ಎರಡನೇ ರಾತ್ರಿ ಅದೇ ಕಥೆ, ಎರಡೋ ಮೂರೋ ಕಡೆ ಮಾತ್ರ ನಿಲ್ಲೋದು. ಎಲ್ಲಿ ನಿಲ್ಲಬೇಕು ಅಂತ ಮೊದಲೇ ನೋಡಿಟ್ಟುಕೊಂಡಿರ್ತೀನಿ. ಉತ್ತರ ಪುಟದಲ್ಲಿ ಅಚ್ಚಾಗಿರೋ ಪ್ರಶ್ನೆ ಕೇಳಲ್ಲ. ‘ಹುಲಿ ಅತ್ತಿತು’ ಅಂತ ಅವನಂದರೆ, ‘ಹೌದು, ತಾನು ಮಾಡಿದ್ದಕ್ಕೆ ನಾಚಿಕೆಯಾಗಿ ಅತ್ತಿತು’ ಅಂತ ಒಂದು ಪದ ಸೇರಿಸ್ತೀನಿ. ಕೆಲವೊಮ್ಮೆ ನಾನೇ, ‘ಈ ಸಾಲು ನಂಗೆ ಅರ್ಥ ಆಗ್ಲಿಲ್ಲ, ತಿರುಗಿ ಓದ್ತೀನಿ ತಡಿ’ ಅಂತೀನಿ. ದೊಡ್ಡವರಿಗೂ ಅರ್ಥ ಆಗಲ್ಲ, ಹಿಂದೆ ಹೋಗಿ ಓದ್ತಾರೆ ಅನ್ನೋದೇ ಅವನಿಗೆ ಹೊಸ ಸುದ್ದಿ. ಕೇಳಿದ ಮೇಲೆ ಸುಮ್ಮನಿರಬೇಕು. ನನಗೆ ಅತಿ ಕಷ್ಟವಾಗಿದ್ದು ಇದೇ. ಐದಾರು ಸೆಕೆಂಡ್ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತೆ. ಪುಸ್ತಕ ಖಾಲಿಯಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, ಕನ್ನಡ ಕಥೆಗಳು ಫೋನಿನಲ್ಲೇ ಉಚಿತ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿ. ಹುಲಿ ಬಾಯಿ ತೆರೆಯೋ ಹೊತ್ತಿಗೆ ಆಫೀಸ್ ಮೆಸೇಜ್ ಬಂದರೆ ಕಥೆ ಕೆಟ್ಟಿತು.

ಕಳೆದ ತಿಂಗಳು ಗೋವಿನ ಹಾಡಿನ ಚಿತ್ರಪುಸ್ತಕ ಹಿಡಿದಿದ್ವಿ. ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ, ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸಿ ಹುಲಿಯ ಹತ್ತಿರ ಹೊರಡುವ ಪುಟ. ಅಲ್ಲಿ ನಿಲ್ಲಿಸಿ, ‘ಈಗ ಕರು ಏನು ಮಾಡ್ತಿರಬಹುದು?’ ಅಂದೆ.

ಸುಮಾರು ಹೊತ್ತು ಮಾತಿಲ್ಲ.

‘ಬೇರೆ ಹಸು ಹತ್ರ ಮಲಗಿದೆ. ಆದ್ರೆ ನಿದ್ದೆ ಮಾಡ್ತಿಲ್ಲ. ಕಣ್ಣು ಮುಚ್ಕೊಂಡಿದೆ ಅಷ್ಟೇ. ಬಾಗಿಲು ಸದ್ದಾಗುತ್ತಾ ಅಂತ ಕೇಳಿಸ್ಕೊಳ್ತಿದೆ.’

ಪುಸ್ತಕದಲ್ಲಿ ಅದು ಇಲ್ಲ. ಈ ಹುಡುಗ ಒಂಬತ್ತೂವರೆಗೆಲ್ಲ ಮಲಗಿಬಿಡ್ತಾನೆ ಅಂತ ನಾನು ಅಕ್ಕನಿಗೆ ಎಷ್ಟು ಸಲ ಮೆಸೇಜ್ ಹಾಕಿದ್ದೆನೋ.

‘ಅಮ್ಮ ವಾಪಸ್ ಬರುತ್ತಲ್ವಾ, ಕರುವಿಗೆ ಅದು ಗೊತ್ತಾ?’ ಅಂದೆ.

‘ನಮಗೆ ಗೊತ್ತು. ನಾವು ನಿನ್ನೆ ಓದಿದೀವಿ. ಕರು ಓದಿಲ್ಲ.’

ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅವಳು ಕಾಫಿ ಲೋಟ ಹಿಡಿದು ಸುಮ್ಮನೆ ನಿಂತಿದ್ದಳು. ಈಗ ಡ್ಯೂಟಿಗೆ ಹೊರಡೋ ಮುಂಚೆ ಮೊದಲ ಎರಡು ಪುಟ ಅವಳೇ ಓದ್ತಾಳೆ, ಮಿಕ್ಕಿದ್ದು ನಾನು. ಬೆಳಿಗ್ಗೆ ಬಂದವಳು ಚಪ್ಪಲಿ ಬಿಡ್ತಾ, ‘ಆಮೇಲೆ ಏನಾಯ್ತೋ?’ ಅಂತಾಳೆ. ಇವನು ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕ್ಕೊಂಡು ಕಥೆ ಶುರು ಮಾಡ್ತಾನೆ. ಅರ್ಧ ಅವನದೇ ಸೇರ್ಪಡೆ. ನಿದ್ದೆಗಣ್ಣಲ್ಲಿ ಅಕ್ಕ ಹೂಂ ಅನ್ನೋದು ಮರೆತರೆ ಕಥೆ ಅಲ್ಲೇ ನಿಲ್ಲುತ್ತೆ, ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿದ್ರೂ.