ಹಾಸಿಗೆಯ ತಂಪು: ಮಾತಿನಲ್ಲೆಷ್ಟು, ಪದರದಲ್ಲೆಷ್ಟು?

ಬೇಸಿಗೆ ಸಮೀಪಿಸುತ್ತಿದ್ದಂತೆಯೇ ಹಾಸಿಗೆ ಮಾರುಕಟ್ಟೆಯ ಭಾಷೆ ಬದಲಾಗುತ್ತದೆ. ಮಳಿಗೆಗಳ ಫಲಕಗಳಲ್ಲಿಯೂ ಜಾಹೀರಾತುಗಳಲ್ಲಿಯೂ 'ಕೂಲಿಂಗ್', 'ಕೂಲ್ ಜೆಲ್', 'ಹೈಬ್ರಿಡ್' ಎಂಬ ಪದಗಳು ರಾರಾಜಿಸತೊಡಗುತ್ತವೆ. ರಾತ್ರಿಯಿಡೀ ಬೆವರಿ, ಮಗ್ಗುಲು ಬದಲಿಸುತ್ತ ಬೆಳಗು ಮಾಡುವ ಗ್ರಾಹಕನು ಈ ಪದಗಳನ್ನು ನಂಬಿ ಹತ್ತಾರು ಸಾವಿರ ರೂಪಾಯಿಗಳನ್ನು ವೆಚ್ಚ ಮಾಡುತ್ತಾನೆ. ಕೆಲವೇ ವಾರಗಳಲ್ಲಿ ಹಾಸಿಗೆ ಮೊದಲಿನಂತೆಯೇ ಬಿಸಿಯಾಗುತ್ತಿದೆ ಎಂಬ ದೂರಿನೊಡನೆ ಮರಳಿ ಬರುತ್ತಾನೆ. ದೋಷ ಹಾಸಿಗೆಯದೇ, ಅದನ್ನು ಬಣ್ಣಿಸಿದ ಮಾತಿನದೇ ಎಂಬುದನ್ನು ಉದ್ಯಮವು ತಾನೇ ಪರಿಶೀಲಿಸಿಕೊಳ್ಳಬೇಕಾದ ಕಾಲ ಬಂದಿದೆ.

ಈ ಪ್ರಶ್ನೆ ಕರ್ನಾಟಕಕ್ಕೆ ಪರಕೀಯವಲ್ಲ. ರಬ್ಬರ್ ಲೇಪಿತ ತೆಂಗಿನ ನಾರಿನ ಹಾಸಿಗೆಯನ್ನು ದೇಶದ ಮನೆಮನೆಗೆ ತಲುಪಿಸಿದ ಕರ್ಲಾನ್ 1962ರಲ್ಲಿ ಜನ್ಮತಾಳಿದ್ದು ಈ ರಾಜ್ಯದ ಉದ್ಯಮಶೀಲತೆಯಿಂದ. 2023ರಲ್ಲಿ ಅದನ್ನು ಶೀಲಾ ಫೋಮ್ ಸಂಸ್ಥೆಯು ತನ್ನದಾಗಿಸಿಕೊಳ್ಳಲು ಮುಂದಾದುದು ಈ ಕ್ಷೇತ್ರದ ಪ್ರಮುಖ ವಹಿವಾಟುಗಳಲ್ಲೊಂದು. ಅಂತರಜಾಲದ ಮೂಲಕ ಹಾಸಿಗೆ ಮಾರುವ ವೇಕ್‌ಫಿಟ್ 2016ರಲ್ಲಿ ಆರಂಭವಾದುದೂ ಬೆಂಗಳೂರಿನಲ್ಲಿಯೇ. ಇವುಗಳ ಜೊತೆಯಲ್ಲಿ ಜಿಲ್ಲಾ ಕೇಂದ್ರಗಳಲ್ಲಿ ಹತ್ತಿ ಗಾದಿ ಹೊಲಿಯುವವರು, ಫೋಮ್ ಕತ್ತರಿಸಿ ಹೊದಿಕೆ ಹಾಕಿಕೊಡುವ ಸಣ್ಣ ಘಟಕಗಳು, ನಾರಿನ ಕಾರ್ಖಾನೆಗಳು ಬದುಕು ಸಾಗಿಸುತ್ತಿವೆ. 'ತಂಪು' ಎಂಬ ಪದ ತನ್ನ ಬೆಲೆ ಕಳೆದುಕೊಂಡರೆ ಮೊದಲು ಪೆಟ್ಟು ಬೀಳುವುದು ಜಾಹೀರಾತಿಗೆ ಹಣವಿಲ್ಲದ ಈ ಸಣ್ಣ ತಯಾರಕರಿಗೆ.

ಶಾಖ ಎಲ್ಲಿಂದ, ಎಲ್ಲಿಗೆ?

ನಿದ್ರೆಗೆ ಜಾರುವಾಗ ಮಾನವ ದೇಹದ ಒಳ ಉಷ್ಣತೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬೇಕು. ಈ ಇಳಿಕೆ ಸಾಧ್ಯವಾಗುವುದು ಚರ್ಮದ ಮೂಲಕ ಶಾಖ ಹೊರಹೋದಾಗ ಮಾತ್ರ. ಮಲಗಿರುವ ವಯಸ್ಕನ ದೇಹವು ಸುಮಾರು 70ರಿಂದ 80 ವ್ಯಾಟ್‌ಗಳಷ್ಟು ಶಾಖವನ್ನು ಎಡೆಬಿಡದೆ ಉತ್ಪಾದಿಸುತ್ತದೆ. ಹಳೆಯ ಕಾಲದ ಒಂದು ವಿದ್ಯುತ್ ಬಲ್ಬು ರಾತ್ರಿಯಿಡೀ ಉರಿದಂತೆ. ಈ ಶಾಖದ ಬಹುಪಾಲು ಮೇಲ್ಭಾಗದಿಂದ ಗಾಳಿಗೆ ಸೇರುತ್ತದೆ. ಬೆನ್ನು, ಸೊಂಟ, ತೊಡೆಗಳು ಹಾಸಿಗೆಗೆ ತಗುಲಿರುವ ಕಡೆ ಮಾತ್ರ ಅದಕ್ಕೆ ದಾರಿ ಇಲ್ಲ. ಅಲ್ಲಿ ಶಾಖ ಮತ್ತು ಬೆವರಿನ ತೇವ ಎರಡೂ ಶೇಖರವಾಗುತ್ತವೆ. ಹಾಸಿಗೆಯು 'ಬಿಸಿಯಾಯಿತು' ಎಂಬ ಅನುಭವದ ಮೂಲ ಇದೇ.

ಆದ್ದರಿಂದ ಹಾಸಿಗೆಯು ತಾನಾಗಿ ತಂಪನ್ನು ಉತ್ಪಾದಿಸಲಾರದು. ವಿದ್ಯುತ್ತಿನ ಸಂಪರ್ಕವಿಲ್ಲದ ಯಾವ ಹಾಸಿಗೆಗೂ ಆ ಶಕ್ತಿಯಿಲ್ಲ. ಅದು ಮಾಡಬಹುದಾದುದು ಎರಡೇ ಕೆಲಸ: ಒಂದು, ಸ್ವಲ್ಪ ಹೊತ್ತು ಶಾಖವನ್ನು ತನ್ನೊಳಗೆ ಹೀರಿಟ್ಟುಕೊಳ್ಳುವುದು; ಎರಡು, ಶಾಖ ಮತ್ತು ತೇವಗಳು ಹೊರಹೋಗಲು ದಾರಿ ಬಿಡುವುದು. ಮೊದಲನೆಯದು ಮಳಿಗೆಯಲ್ಲಿ ಕೈಯಿಟ್ಟು ನೋಡಿದಾಗ ಅನುಭವಕ್ಕೆ ಬರುತ್ತದೆ. ಎರಡನೆಯದು ನಡುರಾತ್ರಿ ಎರಡು ಗಂಟೆಗೆ ಅನುಭವಕ್ಕೆ ಬರುತ್ತದೆ. ಮಾರುಕಟ್ಟೆ ಮೊದಲನೆಯದನ್ನು ಮಾರುತ್ತಿದೆ. ಗ್ರಾಹಕನಿಗೆ ಬೇಕಾಗಿರುವುದು ಎರಡನೆಯದು.

ತಣ್ಣನೆಯ ಸ್ಪರ್ಶದ ಲೆಕ್ಕ

ಇಂದಿನ ದುಬಾರಿ ಹಾಸಿಗೆಗಳ ಹೊದಿಕೆಗಳಲ್ಲಿ ಕರಗುವಾಗ ಶಾಖ ಹೀರುವ ಮೇಣದ ಸೂಕ್ಷ್ಮ ಗುಳಿಗೆಗಳನ್ನು ಲೇಪಿಸಲಾಗುತ್ತದೆ. ಇವುಗಳನ್ನು 'ಫೇಸ್ ಚೇಂಜ್' ವಸ್ತುಗಳೆಂದು ಕರೆಯುತ್ತಾರೆ. ಇಂತಹ ಉತ್ತಮ ಮೇಣವೊಂದು ಪ್ರತಿ ಗ್ರಾಂಗೆ ಸುಮಾರು 200 ಜೂಲ್ ಶಾಖವನ್ನು ಹೀರಬಲ್ಲದು. ಮಲಗುವವನ ಕೆಳಗೆ 100 ಗ್ರಾಂ ಮೇಣವಿದೆಯೆಂದು ಭಾವಿಸೋಣ. ಅದರ ಒಟ್ಟು ಸಾಮರ್ಥ್ಯ 20,000 ಜೂಲ್. ದೇಹದ ಶಾಖದಲ್ಲಿ ಕಾಲು ಭಾಗ, ಅಂದರೆ 20 ವ್ಯಾಟ್ ಮಾತ್ರ, ಹಾಸಿಗೆಯತ್ತ ಹರಿದರೂ 1,000 ಸೆಕೆಂಡುಗಳಲ್ಲಿ, ಎಂದರೆ ಸುಮಾರು 17 ನಿಮಿಷಗಳಲ್ಲಿ, ಆ ಸಾಮರ್ಥ್ಯ ತೀರಿಹೋಗುತ್ತದೆ. ಮೇಣವನ್ನು ಐದು ಪಟ್ಟು ಹೆಚ್ಚಿಸಿದರೂ ಒಂದೂವರೆ ಗಂಟೆ ದಾಟದು. ಜೆಲ್ ಬೆರೆಸಿದ ಫೋಮಿನ ಕಥೆಯೂ ಭಿನ್ನವಲ್ಲ. ದೇಹದ ಉಷ್ಣತೆಗೆ ಸಮನಾಗುವವರೆಗೆ ಅದು ತಣ್ಣಗಿರುತ್ತದೆ, ಅನಂತರ ಸಾಮಾನ್ಯ ಫೋಮಿನಂತೆಯೇ ವರ್ತಿಸುತ್ತದೆ.

ಉಷ್ಣವಲಯದ ನಾಡಿನಲ್ಲಿ ಇನ್ನೊಂದು ತೊಡಕಿದೆ. ಈ ಮೇಣಗಳನ್ನು ಸಾಮಾನ್ಯವಾಗಿ 28ರಿಂದ 32 ಡಿಗ್ರಿಗಳ ನಡುವೆ ಕರಗುವಂತೆ ರೂಪಿಸಲಾಗುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ರಾಯಚೂರಿನ ಆರ್‌ಸಿಸಿ ಮನೆಯೊಂದರಲ್ಲಿ ರಾತ್ರಿ ಹತ್ತು ಗಂಟೆಗೂ ಕೋಣೆಯ ಉಷ್ಣತೆ ಇದಕ್ಕಿಂತ ಮೇಲೆ ಇರುವುದು ಅಪರೂಪವಲ್ಲ. ಅಲ್ಲಿ ಮೇಣವು ಗ್ರಾಹಕನು ಮಲಗುವ ಮೊದಲೇ ಕರಗಿ ಕುಳಿತಿರುತ್ತದೆ. ಹೆಚ್ಚಿನ ಬೆಲೆ ತೆತ್ತ ಪದರವು ಅತ್ಯಂತ ಅಗತ್ಯವಿರುವ ರಾತ್ರಿಯಲ್ಲಿಯೇ ನಿಷ್ಪ್ರಯೋಜಕವಾಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಅದು ಮತ್ತೆ ಗಟ್ಟಿಯಾಗಿ ಕೆಲಸ ಮಾಡಬಲ್ಲದು. ಮಲಗಿದ ಕೂಡಲೇ ನಿದ್ರೆ ಬಾರದವರಿಗೆ ಮೊದಲ ಅರ್ಧ ಗಂಟೆಯ ತಂಪು ನೆರವಾಗಲೂಬಹುದು. ಅಷ್ಟರ ಮಟ್ಟಿಗೆ ಅದರ ಬೆಲೆ ಸಮರ್ಥನೀಯ, ಅದಕ್ಕಿಂತ ಹೆಚ್ಚಿಲ್ಲ.

ಇದಕ್ಕೆ ಹೋಲಿಸಿದರೆ ಬೆವರಿನ ಶಕ್ತಿ ಅಗಾಧ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಒಯ್ಯುತ್ತದೆ. ಅರ್ಧ ಲೋಟ, ಅಂದರೆ 100 ಗ್ರಾಂ ಬೆವರು ಆರಿಹೋದರೆ ದೇಹದಿಂದ ಹೊರಹೋಗುವ ಶಾಖ, ಅಷ್ಟೇ ತೂಕದ ಮೇಣ ಹೀರಬಹುದಾದುದರ ಹನ್ನೆರಡು ಪಟ್ಟು. ಕೋಣೆಯ ಉಷ್ಣತೆ ಚರ್ಮದ ಉಷ್ಣತೆಯನ್ನು ಸಮೀಪಿಸಿದಾಗ ದೇಹಕ್ಕೆ ಉಳಿಯುವ ದಾರಿಯೂ ಇದೊಂದೇ. ಹೀಗಾಗಿ ಬೆವರು ಆರಲು ಬಿಡುವ ಹಾಸಿಗೆಯೇ ನಿಜವಾದ ತಂಪಿನ ಹಾಸಿಗೆ ಎಂಬುದು ನಿರ್ವಿವಾದ.

'ಹೈಬ್ರಿಡ್' ಪದದ ಒಳಹೊರಗು

ಮೂಲ ಅರ್ಥದಲ್ಲಿ ಹೈಬ್ರಿಡ್ ಹಾಸಿಗೆಯೆಂದರೆ ಕೆಳಗೆ ಪಾಕೆಟ್ ಸ್ಪ್ರಿಂಗ್, ಮೇಲೆ ಫೋಮ್ ಅಥವಾ ಲ್ಯಾಟೆಕ್ಸ್. ಬಟ್ಟೆಯ ಚೀಲಗಳಲ್ಲಿ ಪ್ರತ್ಯೇಕವಾಗಿ ಕೂಡಿಸಿದ ಸ್ಪ್ರಿಂಗ್‌ಗಳ ನಡುವೆ ಖಾಲಿ ಜಾಗವಿರುತ್ತದೆ. ಮಲಗಿದವನು ಹೊರಳಿದಾಗಲೆಲ್ಲ ಆ ಜಾಗದ ಗಾಳಿ ತಿದಿಯೊತ್ತಿದಂತೆ ಚಲಿಸುತ್ತದೆ. ಈ ದೃಷ್ಟಿಯಿಂದ ಇಡೀ ಫೋಮಿನ ಹಾಸಿಗೆಗಿಂತ ಹೈಬ್ರಿಡ್ ಉತ್ತಮವೆಂಬ ವಾದದಲ್ಲಿ ಹುರುಳಿದೆ.

ಆದರೆ ಸ್ಪ್ರಿಂಗಿನ ಗುಣ ಮೇಲಿನ ಪದರವನ್ನು ದಾಟಿ ದೇಹಕ್ಕೆ ತಲುಪಬೇಕಲ್ಲವೇ? ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳ ಮೆತ್ತೆಯಾಗಿ ರೂಪುಗೊಂಡ ವಸ್ತು. ದೇಹದ ಶಾಖಕ್ಕೆ ಅದು ಮೆತ್ತಗಾಗಿ ಮೈಗೆ ಅಂಟಿಕೊಳ್ಳುವುದೇ ಅದರ ವಿಶೇಷ. ಅದೇ ಗುಣದಿಂದ ಮೈಯ ಸುತ್ತ ಗಾಳಿಯಾಡುವ ಸಂದು ಮುಚ್ಚಿಹೋಗುತ್ತದೆ. ಮೂರು ಅಂಗುಲದ ಮೆಮೊರಿ ಫೋಮನ್ನು ಸ್ಪ್ರಿಂಗ್‌ಗಳ ಮೇಲೆ ಹೊದಿಸಿ ಅದನ್ನು 'ಕೂಲಿಂಗ್ ಹೈಬ್ರಿಡ್' ಎಂದು ಕರೆಯುವುದು ಕಿಟಕಿ ಇಟ್ಟು ಅದಕ್ಕೆ ಗೋಡೆ ಕಟ್ಟಿದಂತೆ. ಸೆಕೆಗೆ ಬೆವರುವವರಿಗೆ ಮೇಲಿನ ಪದರ ಒಂದರಿಂದ ಎರಡು ಅಂಗುಲ ಮೀರದಿರುವುದು, ಅದೂ ರಂಧ್ರಗಳುಳ್ಳ ಲ್ಯಾಟೆಕ್ಸ್ ಅಥವಾ ಗಾಳಿಯಾಡುವ ಫೋಮ್ ಆಗಿರುವುದು ಹಿತಕರ.

ಮಾರುಕಟ್ಟೆಯಲ್ಲಿ ನಾರು ಮತ್ತು ಫೋಮ್ ಜೋಡಿಸಿದ ಹಾಸಿಗೆಗೂ, ಎರಡು ಬಗೆಯ ಫೋಮ್ ಅಂಟಿಸಿದ ಹಾಸಿಗೆಗೂ ಹೈಬ್ರಿಡ್ ಎಂಬ ಹೆಸರು ಸಲ್ಲುತ್ತಿದೆ. ಇವುಗಳಲ್ಲಿ ಮೊದಲನೆಯದನ್ನು ಕಡೆಗಣಿಸುವಂತಿಲ್ಲ. ರಬ್ಬರ್ ಲೇಪಿತ ನಾರಿನ ಹಾಳೆಯು ಜಾಳುಜಾಳಾದ ರಚನೆಯುಳ್ಳದ್ದು. ಗಾಳಿ ಅದರೊಳಗೆ ಸರಾಗವಾಗಿ ಹಾಯುತ್ತದೆ. ಬಲಿತ ತೆಂಗಿನಕಾಯಿಯ ಕಂದು ನಾರು ಇದಕ್ಕೆ ಬೇಕು. ಕೊಬ್ಬರಿಗೆ ಹೆಸರಾದ ತಿಪಟೂರು, ಅರಸೀಕೆರೆಗಳ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಲ್ಯಾಟೆಕ್ಸ್‌ಗೆ ಬೇಕಾದ ರಬ್ಬರ್ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದಲ್ಲಿ ಬೆಳೆಯುತ್ತದೆ. ನಾರಿನ ತಳಪದರ, ಅದರ ಮೇಲೆ ತೆಳುವಾದ ಲ್ಯಾಟೆಕ್ಸ್, ಹತ್ತಿಯ ಹೊದಿಕೆ: ಇಂತಹ ದೇಶೀಯ ಹೈಬ್ರಿಡ್ಡನ್ನು ರಾಜ್ಯದ ಮಧ್ಯಮ ಘಟಕಗಳು ತಯಾರಿಸಬಲ್ಲವು. ಸ್ಪ್ರಿಂಗಿನಷ್ಟು ಪುಟಿತ ಅದಕ್ಕಿಲ್ಲ, ಕಾಲಕ್ರಮೇಣ ನಾರು ತಗ್ಗಾಗುವುದೂ ಉಂಟು. ಈ ಮಿತಿಗಳನ್ನು ಮುಚ್ಚಿಡದೆ ಹೇಳಿ ಮಾರಿದರೆ ಅದಕ್ಕೆ ಖಂಡಿತ ಬೇಡಿಕೆಯಿದೆ.

ಊರಿಗೆ ತಕ್ಕ ಹಾಸಿಗೆ

ರಾಜ್ಯದ ಹವಾಮಾನ ಒಂದೇ ಬಗೆಯದಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತಾದರೂ ಅಲ್ಲಿನ ರಾತ್ರಿಗಳು ಸಾಮಾನ್ಯವಾಗಿ ಸಹನೀಯ. ತೆಳುವಾದ ಮೆಮೊರಿ ಫೋಮ್ ಪದರವುಳ್ಳ ಹೈಬ್ರಿಡ್ ಅಲ್ಲಿ ನಡೆದೀತು. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರುವುದು ನಿಧಾನ. ಮಳೆಗಾಲದಲ್ಲಿ ಹಾಸಿಗೆಗೆ ಬೂಷ್ಟು ಹಿಡಿಯುವ ಭಯವೂ ಇದೆ. ಅಲ್ಲಿ ಗಾಳಿಯಾಡುವ ಪದರಗಳಷ್ಟೇ ಮುಖ್ಯವಾದುದು ಬಿಚ್ಚಿ ಒಗೆಯಬಹುದಾದ ಹೊದಿಕೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಒಣ ಸೆಕೆ. ಗಾಳಿ ತಗುಲಿದರೆ ಬೆವರು ಬೇಗ ಆರುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹೊರಸು ಹಾಕಿ ಮಲಗುವ ಅಲ್ಲಿನ ರೂಢಿಯ ಹಿಂದಿರುವುದು ಇದೇ ಅರಿವು: ಹೆಣೆದ ಹೊರಸಿನಲ್ಲಿ ಗಾಳಿ ಕೆಳಗಿನಿಂದಲೂ ಬರುತ್ತದೆ.

ಈ ಅರಿವನ್ನು ಇಂದಿನ ಮಂಚಗಳು ಮರೆತಿವೆ. ಕೆಳಗೆ ಸಾಮಾನಿಡುವ ಪೆಟ್ಟಿಗೆ, ಮೇಲೆ ಇಡಿಯಾದ ಪ್ಲೈವುಡ್ ಹಲಗೆ: ಬಹುಪಾಲು ಮನೆಗಳಲ್ಲಿ ಇರುವುದು ಇಂತಹ ಮಂಚ. ಅದರ ಮೇಲೆ ಎಂತಹ ಸ್ಪ್ರಿಂಗ್ ಹಾಸಿಗೆಯಿಟ್ಟರೂ ತಳದಿಂದ ಗಾಳಿಗೆ ದಾರಿಯಿಲ್ಲ. ಪಟ್ಟಿಗಳುಳ್ಳ ಮಂಚ, ಅದಿಲ್ಲವಾದರೆ ಹಲಗೆಯಲ್ಲಿ ಕೊರೆಸಿದ ಸಾಲು ರಂಧ್ರಗಳು ದುಬಾರಿ ಜೆಲ್‌ಗಿಂತ ಹೆಚ್ಚು ಪ್ರಯೋಜನಕಾರಿ. ಹೊಸ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ಕೊಳೆಯಾದೀತೆಂದು ವರ್ಷಗಟ್ಟಲೆ ತೆಗೆಯದಿರುವುದು, ಗಾಳಿಯಾಡದ ಜಲನಿರೋಧಕ ಪ್ರೊಟೆಕ್ಟರ್ ಹಾಕುವುದು, ಅದರ ಮೇಲೆ ಪಾಲಿಯೆಸ್ಟರ್ ಮೇಲುಹಾಸು ಹೊದಿಸುವುದು: ಇವು ಹಾಸಿಗೆಯ ಗುಣವನ್ನೆಲ್ಲ ಅಲ್ಲಿಗಲ್ಲಿಗೇ ಮುಚ್ಚಿಬಿಡುತ್ತವೆ. ಇದನ್ನು ತಿಳಿಸಿ ಹೇಳಬೇಕಾದವನು ಮಾರಾಟಗಾರ. ಅದೇ ಮಾರಾಟಗಾರ ಹಾಸಿಗೆಯೊಡನೆ ಪ್ಲಾಸ್ಟಿಕ್ ಪ್ರೊಟೆಕ್ಟರನ್ನು ಉಚಿತ ಕೊಡುಗೆಯಾಗಿ ನೀಡುತ್ತಿರುವುದು ವಿಪರ್ಯಾಸ.

ವರ್ತಕರ ಹೊಣೆ

ಕಾನೂನಿನ ದೃಷ್ಟಿಯಿಂದಲೂ ಈ ವಿಷಯ ಉಪೇಕ್ಷಣೀಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ನೀಡಿದೆ. ಜಾಹೀರಾತುಗಳ ಬಗೆಗೆ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿಗಳೂ ಹೊರಬಂದಿವೆ. 'ರಾತ್ರಿಯಿಡೀ ತಂಪು' ಎಂದು ಮುದ್ರಿಸುವ ತಯಾರಕನು ಅದನ್ನು ಸಾಬೀತುಪಡಿಸಲು ಸಿದ್ಧನಿರಬೇಕು. ಹದಿನೇಳು ನಿಮಿಷದ ಲೆಕ್ಕ ಅಲ್ಲಿ ರಕ್ಷಣೆಗೆ ಬಾರದು.

ದಂಡದ ಭಯಕ್ಕಿಂತ ವ್ಯಾಪಾರದ ಹಿತವೇ ಇಲ್ಲಿ ಹೆಚ್ಚು ಪ್ರಬಲವಾದ ಕಾರಣ. ಅನೇಕ ಸಂಸ್ಥೆಗಳು ಇಂದು ನೂರು ರಾತ್ರಿಗಳ ಪ್ರಯೋಗಾವಧಿ ನೀಡುತ್ತಿವೆ. ಒಮ್ಮೆ ಬಳಸಿ ಮರಳಿದ ಹಾಸಿಗೆಯನ್ನು ಹೊಸದೆಂದು ಮಾರುವಂತಿಲ್ಲ. ಆ ನಷ್ಟ ಮಾರಾಟಗಾರನ ತಲೆಗೇ ಬರುತ್ತದೆ. ತಪ್ಪು ಭರವಸೆಯ ಮೇಲೆ ನಡೆದ ಮಾರಾಟ ಅರ್ಧ ಮಾರಾಟವೇ ಸರಿ. ಗ್ರಾಹಕನೂ ಇಲ್ಲಿ ಎಚ್ಚರ ವಹಿಸಬೇಕು: ನವೆಂಬರ್ ಆರಂಭದಲ್ಲಿ ಕೊಂಡ ಹಾಸಿಗೆಯ ನೂರು ರಾತ್ರಿಗಳು ಮಾರ್ಚಿಗೆ ಮುನ್ನವೇ ಮುಗಿಯುತ್ತವೆ. ಸೆಕೆಯ ಪರೀಕ್ಷೆ ಆಗಬೇಕಾದರೆ ಖರೀದಿ ಬೇಸಿಗೆಯ ಆರಂಭದಲ್ಲಿ ಆಗಬೇಕು.

ಈ ಹಿನ್ನೆಲೆಯಲ್ಲಿ ಉದ್ಯಮವು ಸ್ವಪ್ರೇರಣೆಯಿಂದ ಕೆಲವು ಕ್ರಮಗಳನ್ನು ಕೈಗೊಳ್ಳುವುದು ಅತ್ಯಗತ್ಯ. ಪ್ರತಿಯೊಂದು ಹಾಸಿಗೆಯ ಮೇಲೂ ಪದರಗಳ ವಿವರವನ್ನು, ಅಂದರೆ ಯಾವ ವಸ್ತು, ಎಷ್ಟು ಅಂಗುಲ, ಎಷ್ಟು ಡೆನ್ಸಿಟಿ ಎಂಬುದನ್ನು, ಕನ್ನಡದಲ್ಲಿ ಮುದ್ರಿಸಬೇಕು. ಡೆನ್ಸಿಟಿ ಎಂಬುದು ಬಾಳಿಕೆಯ ಸೂಚಕವೇ ಹೊರತು ಗಡಸುತನದ ಅಥವಾ ತಂಪಿನ ಸೂಚಕವಲ್ಲ ಎಂಬುದನ್ನು ಮಳಿಗೆಯ ಸಿಬ್ಬಂದಿಗೆ ಮೊದಲು ಕಲಿಸಬೇಕು. ಮಳಿಗೆಯಲ್ಲಿ ಅಡ್ಡಲಾಗಿ ಕತ್ತರಿಸಿದ ಮಾದರಿಯೊಂದನ್ನು ಇರಿಸಬೇಕು. ಮೇಲುಪದರದ ತುಂಡನ್ನು ಬಾಯಿಗೊತ್ತಿ ಊದಿದರೆ ಉಸಿರು ಆಚೆ ಬದಿಗೆ ಬರುತ್ತದೆಯೇ ಎಂದು ಗ್ರಾಹಕನೇ ನೋಡಿಕೊಳ್ಳಲಿ. ಯಾವ ಜಾಹೀರಾತಿಗಿಂತಲೂ ಇದು ಒಳ್ಳೆಯ ಸಾಕ್ಷ್ಯ. ಅಂಗೈಯಿಂದ ಮುಟ್ಟಿ ನೋಡುವ ಬದಲು ಇಪ್ಪತ್ತು ನಿಮಿಷ ಮಲಗಿ ನೋಡಲು ಅವಕಾಶ ಕೊಡಬೇಕು, ಅದೂ ಸಾಧ್ಯವಾದರೆ ಹವಾನಿಯಂತ್ರಣ ಆರಿಸಿ. ರಜೋನಿವೃತ್ತಿ, ಥೈರಾಯ್ಡ್ ಮೊದಲಾದ ಕಾರಣಗಳಿಂದ ರಾತ್ರಿ ವಿಪರೀತ ಬೆವರುವವರಿಗೆ ಹಾಸಿಗೆಯನ್ನು ಔಷಧಿಯೆಂಬಂತೆ ಮಾರದೆ ವೈದ್ಯರನ್ನು ಕಾಣುವಂತೆ ಹೇಳುವುದು ವರ್ತಕಧರ್ಮ.

ಭಾರತೀಯ ಮಾನಕ ಬ್ಯೂರೋ ರಬ್ಬರ್ ಲೇಪಿತ ನಾರಿನ ಹಾಳೆಗೆ, ಗೃಹಬಳಕೆಯ ಹಾಸಿಗೆಗಳ ಪಾಲಿಯುರೇಥೇನ್ ಫೋಮಿಗೆ, ಲ್ಯಾಟೆಕ್ಸ್ ಫೋಮಿಗೆ ಪ್ರತ್ಯೇಕ ಮಾನಕಗಳನ್ನು ರೂಪಿಸಿದೆ. ಪದರಗಳು ಸೇರಿದ ಇಡೀ ಹಾಸಿಗೆಯಲ್ಲಿ ಗಾಳಿ ಮತ್ತು ತೇವ ಎಷ್ಟು ಸರಾಗವಾಗಿ ಹಾಯುತ್ತವೆ ಎಂಬುದನ್ನು ಅಳೆದು ಅಂಕೆಯಲ್ಲಿ ಹೇಳುವ ಪದ್ಧತಿಯನ್ನು ತಯಾರಕರು ತಾವಾಗಿ ಒಪ್ಪಿಕೊಂಡರೆ 'ತಂಪು' ಎಂಬ ಪದಕ್ಕೆ ಮತ್ತೆ ತೂಕ ಬರುತ್ತದೆ. ವಾಣಿಜ್ಯ ಸಂಸ್ಥೆಗಳು ತಯಾರಕರನ್ನೂ ವರ್ತಕರನ್ನೂ ಒಂದೇ ವೇದಿಕೆಗೆ ಕರೆದು ಇದಕ್ಕೆ ಚಾಲನೆ ನೀಡಬಹುದು. ದೊಡ್ಡ ಸಂಸ್ಥೆಗೂ ಸಣ್ಣ ಘಟಕಕ್ಕೂ ಅಳತೆಗೋಲು ಒಂದೇ ಆದಾಗ ಪ್ರಚಾರದ ಬಲವಿಲ್ಲದ ಒಳ್ಳೆಯ ಸರಕೂ ಮಾರುಕಟ್ಟೆಯಲ್ಲಿ ನಿಲ್ಲುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕೊಳ್ಳುವವನಿಗಷ್ಟೇ ಅಲ್ಲ, ಮಾರುವವನ ಮಾತಿಗೂ ಅನ್ವಯಿಸುತ್ತದೆ.