ಜ್ವರ ಬಂದಾಂವನ್ನ ಅಂಗಳಕ್ಕ ಇಳಸಬ್ಯಾಡ್ರಿ

1/4
"ಮೈ ಸುಡಾಕತ್ತಿದ್ರೂ ಆಡಿದ, ಹುಲಿ ನಮ್ಮ ಹುಡುಗ!" ಇಂಥ ಸ್ಟೇಟಸ್ ಹಾಕೋದು ನಿಲ್ಲಸ್ರಿ ದೋಸ್ತರೇ. ಇದು ಶೌರ್ಯ ಅಲ್ಲ.

2/4
ಜ್ವರದಾಗ ಮೈಯಾಗಿನ ನೀರು ಕಮ್ಮಿ, ಎದಿಬಡಿತ ಮೊದಲೇ ಜೋರು. ಮ್ಯಾಲೆ ನಮ್ಮ ಸಿಂದಗಿ ಕಡೆ ಬಿಸಲು. ಕಾಲು ಸೋಲ್ತಾವ, ಪಾಸ್ ತಪ್ತದ. ತಂಡಕ್ಕ ಏನು ಬಂತು? 1998ರ ವಿಶ್ವಕಪ್ ಫೈನಲ್ ದಿನಾನೇ ರೊನಾಲ್ಡೊಗ ಫಿಟ್ಸ್ ಬಂದಿತ್ತು. ಆದ್ರೂ ಆಡಿದ. ಬ್ರೆಜಿಲ್ 3-0 ಸೋತಿತು.

3/4
"ಗುಳಿಗಿ ನುಂಗಿ ಆಡ್ತೀನಿ" ಅಂತೀರಿ. ಗುಳಿಗಿ ಜ್ವರ ಇಳಸ್ತದ, ರೋಗ ಅಲ್ಲೇ ಇರ್ತದ. ಡೆಂಗಿ ಇದ್ರ ಕೆಲವು ನೋವಿನ ಗುಳಿಗಿಯಿಂದ ರಕ್ತಸ್ರಾವದ ಅಪಾಯ ಹೆಚ್ಚು. ವೈರಸ್ ಹೃದಯದ ಸ್ನಾಯುವಿಗೆ ಹತ್ತಿದ್ರ ಓಡೋವಾಗಲೇ ಎದಿ ನಿಲ್ಲಬಹುದು. 2022ರಾಗ ಕೋವಿಡ್ ಆದಮ್ಯಾಲೆ ಅಲ್ಫಾನ್ಸೊ ಡೇವಿಸ್‌ಗ ಹೃದಯದ ಉರಿಯೂತ ಕಂಡಿತು. ಬಾಯರ್ನ್ ಮ್ಯೂನಿಕ್ ಅವನ್ನ ಏಪ್ರಿಲ್ ತನಕ ಆಡಿಸಲೇ ಇಲ್ಲ.

4/4
ಅಂಥಾ ಕ್ಲಬ್ಬೇ ಕಾಯ್ತದ, ಕಾಲೇಜ್ ಮ್ಯಾಚಿಗೆ ನಮಗ್ಯಾಕ ಅವಸರ? ಬಿಕಾಂದವರಿಗೆ ಲೆಕ್ಕ ಹೇಳಬೇಕೇನು: ಒಂದು ಮ್ಯಾಚಿನ ಲಾಭಕ್ಕ ಇಡೀ ಸೀಸನ್ ನಷ್ಟ. "ಬದಲಿ ಆಟಗಾರ ಇಲ್ಲ" ಅಂದ್ರ ತಪ್ಪು ಜ್ವರ ಬಂದಾಂವಂದಲ್ಲ, ಬದಲಿ ತಯಾರು ಮಾಡದವರದು. ಕ್ಯಾಪ್ಟನ್‌ಗಳೇ, "ಆರಾಮಿಲ್ಲ" ಅಂದಾಂವಗ ಅಂಜುಬುರುಕ ಅನಬ್ಯಾಡ್ರಿ. ಮನಿಗೆ ಕಳಸ್ರಿ. ಕಪ್ ಮುಂದಿನ ವರ್ಷನೂ ಇರ್ತದ.

ನಿಮ್ಮ ಟೀಮ್ ಕ್ಯಾಪ್ಟನ್‌ಗ ಟ್ಯಾಗ್ ಮಾಡ್ರಿ 👇
#ಮೋರಟಗಿ #ಸಿಂದಗಿ #ಕಾಲೇಜ್_ಫುಟ್‌ಬಾಲ್